ಬ್ರೆಡ್ ಬೇಡ ಎಂದ ಡಾಕ್ಟರು

ಬಿಸ್ಕತ್ ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಅಂತ ಓದಿದಾಗ ನಾವೂ ಇದೇನೋ ಹೊಸ ಫ್ಯಾಶನ್ ಅಂದುಕೊಂಡಿದ್ದೆವು. ಹುಡುಕುತ್ತಾ ಹೋದರೆ ಸಿಕ್ಕಿದ್ದು ನೆದರ್ಲೆಂಡ್ಸ್‌ನ ಒಬ್ಬ ಮಕ್ಕಳ ಡಾಕ್ಟರು.

ವಿಲ್ಲೆಮ್ ಕಾರೆಲ್ ಡಿಕ್ಕೆ ಹುಟ್ಟಿದ್ದು 1905ರಲ್ಲಿ, ಡಾರ್ಡ್ರೆಕ್ಟ್ ಊರಿನಲ್ಲಿ. ಲೈಡನ್‌ನಲ್ಲಿ ಓದಿ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆ ಸೇರಿದರು. 1936ರಲ್ಲಿ, 31ನೇ ವಯಸ್ಸಿಗೇ, ಅದರ ಮುಖ್ಯಸ್ಥರಾದರು.

ಅಲ್ಲಿಗೆ ಸೀಲಿಯಾಕ್ ಕಾಯಿಲೆಯ ಮಕ್ಕಳು ಬರುತ್ತಿದ್ದರು. ಹೊಟ್ಟೆ ಉಬ್ಬಿರುತ್ತಿತ್ತು, ಕೈಕಾಲು ಕಡ್ಡಿ, ನಿಲ್ಲದ ಭೇದಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಎಷ್ಟೋ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಇದಕ್ಕೆ ಊಟದಲ್ಲೇ ಮದ್ದಿರಬೇಕು ಅಂತ ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದರು. ಆದರೆ ಯಾವ ಊಟ? ಅಮೆರಿಕದಲ್ಲಿ ಬಾಳೆಹಣ್ಣಿನ ಪಥ್ಯ ಕೊಡುತ್ತಿದ್ದರು. ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು, ಹೊಗಳಿಕೆಯೆಲ್ಲ ಬಾಳೆಹಣ್ಣಿಗೆ ಹೋಯಿತು. ತಟ್ಟೆಯಿಂದ ಬ್ರೆಡ್ ಹೋಗಿದ್ದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬ್ರೆಡ್ ನಿಲ್ಲಿಸಿದರೆ ಮಗು ಸುಧಾರಿಸುತ್ತೆ ಅಂತ ಒಬ್ಬ ತಾಯಿ ಡಿಕ್ಕೆ ಅವರಿಗೆ ಹೇಳಿದರಂತೆ. ಬೇರೆಯವರಾಗಿದ್ದರೆ ಹೂಂ ಅಂದು ಸುಮ್ಮನಾಗುತ್ತಿದ್ದರೇನೋ. ಇವರು 1930ರ ದಶಕದಲ್ಲೇ ಗೋಧಿ ಇಲ್ಲದ ಊಟ ಕೊಟ್ಟು ನೋಡಿದರು, 1941ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಯುದ್ಧದ ಕಾಲ, ಅದೂ ಡಚ್ ಭಾಷೆ. ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಹಸಿವು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಆಗ ಬ್ರೆಡ್ ಸಿಗದೆ ಸೀಲಿಯಾಕ್ ಮಕ್ಕಳು ಸುಧಾರಿಸಿದ್ದನ್ನು ನೋಡಿಯೇ ಡಿಕ್ಕೆ ಅವರಿಗೆ ವಿಷಯ ಹೊಳೆಯಿತು ಅಂತ ಬಹಳ ಕಡೆ ಬರೆದಿರುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಇಸವಿ ನೋಡಿ! ಅನುಮಾನ ಅದಕ್ಕೂ ಹಳೆಯದು.

ಅನುಮಾನ ಸಾಕಾಗಲಿಲ್ಲ, ಅಳತೆ ಬೇಕಿತ್ತು. ಯುದ್ಧದ ನಂತರ ವಾನ್ ಡೆ ಕಾಮರ್ ಎಂಬ ರಸಾಯನ ವಿಜ್ಞಾನಿ ಮಲದಲ್ಲಿನ ಕೊಬ್ಬನ್ನು ಸರಿಯಾಗಿ ಅಳೆಯುವ ವಿಧಾನ ರೂಪಿಸಿದರು. ಮಗು ತಿಂದ ಕೊಬ್ಬೆಷ್ಟು, ಹೊರಹೋದದ್ದೆಷ್ಟು, ಮೈಗೆ ಸೇರಿದ್ದೆಷ್ಟು? ನಮ್ಮ ಕೆಮಿಕಲ್ ಬ್ರಾಂಚಿನವರ ಮಾಸ್ ಬ್ಯಾಲೆನ್ಸೇ ಇದು! ಆದರೆ ಲೆಕ್ಕ ಗಟ್ಟಿಯಾಗಬೇಕಾದರೆ ಚೇತರಿಸಿಕೊಂಡ ಮಗುವಿಗೆ ಮತ್ತೆ ಗೋಧಿ ತಿನ್ನಿಸಿ ನೋಡಬೇಕಿತ್ತು. ಅವರು ತಿನ್ನಿಸಿದರು. ಮಗು ಮತ್ತೆ ಕೆಡುತ್ತಿತ್ತು. ಇದನ್ನು ಓದುವಾಗ ನಮಗೆ ಕಸಿವಿಸಿ ಆಯ್ತು. ಹಾಗೆ ನೋಡದೇ ಇದ್ದಿದ್ದರೆ ಯಾರೂ ನಂಬುತ್ತಿರಲಿಲ್ಲ ಅನ್ನೋದೂ ನಿಜ.

1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಗೋಧಿ, ರೈ ಹಿಟ್ಟು ಕೆಡುಕು; ಅಕ್ಕಿ, ಮೆಕ್ಕೆಜೋಳದಿಂದ ತೊಂದರೆ ಇಲ್ಲ. ಮುಂದೆ ತಿಳಿದದ್ದು, ತಪ್ಪು ಗೋಧಿಯ ಪಿಷ್ಟದ್ದಲ್ಲ, ಗ್ಲುಟೆನ್ ಎಂಬ ಪ್ರೋಟೀನಿನದು. 1952ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೈದ್ಯರೂ ಇದೇ ಉತ್ತರಕ್ಕೆ ಬಂದರು.

ಡಿಕ್ಕೆ 1957ರಲ್ಲಿ ಉಟ್ರೆಕ್ಟ್‌ನಲ್ಲಿ ಪ್ರೊಫೆಸರ್ ಆದರು. 1962ರಲ್ಲಿ, 57ನೇ ವಯಸ್ಸಿನಲ್ಲಿ ತೀರಿಕೊಂಡರು. ಸೀಲಿಯಾಕ್ ಇರುವವರಿಗೆ ಇವತ್ತಿಗೂ ಮುಖ್ಯ ಚಿಕಿತ್ಸೆ ಆ ಪಥ್ಯವೇ. ನಮ್ಮ ಮೆಸ್ಸಿನಲ್ಲಿ ಅಂಥವರು ಯಾರಾದರೂ ಇದ್ದರೆ ಚಪಾತಿ ಬಿಟ್ಟು ಅನ್ನಕ್ಕೋ ರಾಗಿ ಮುದ್ದೆಗೋ ಕೈಹಾಕಬೇಕು.