ಯೂಜೀನ್ ವಿ. ಡೆಬ್ಸ್

ಯೂಜೀನ್ ವಿಕ್ಟರ್ ಡೆಬ್ಸ್ (ನವೆಂಬರ್ 5, 1855 – ಅಕ್ಟೋಬರ್ 20, 1926) ಅಮೆರಿಕ ಸಂಯುಕ್ತ ಸಂಸ್ಥಾನದ ಕಾರ್ಮಿಕ ನಾಯಕರು, ವಾಗ್ಮಿ ಹಾಗೂ ಸಮಾಜವಾದಿ ರಾಜಕಾರಣಿ. 1900ರಿಂದ 1920ರ ಅವಧಿಯಲ್ಲಿ ಐದು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಇವರು ಕೊನೆಯ ಸ್ಪರ್ಧೆಯನ್ನು ಸೆರೆಮನೆಯಿಂದಲೇ ನಡೆಸಿದರು. ಸಮಾಜವಾದವು ಯೂರೋಪಿನಿಂದ ಬಂದ ಪರಕೀಯ ವಿಚಾರವೆಂದು ಬಹುಪಾಲು ಅಮೆರಿಕನ್ನರು ನಂಬಿದ್ದ ಕಾಲದಲ್ಲಿ, ಅದನ್ನು ಆ ದೇಶದ ಸ್ವಾತಂತ್ರ್ಯ ಪರಂಪರೆಯ ಮುಂದುವರಿಕೆಯೆಂದು ಪ್ರತಿಪಾದಿಸಿದ್ದು ಡೆಬ್ಸ್ ಅವರ ವೈಶಿಷ್ಟ್ಯ. ಅಮೆರಿಕದ ಜನತೆ ಸಮಾಜವಾದವನ್ನು ಯಾವ ಕಾರಣಗಳಿಗಾಗಿ ಬೆಂಬಲಿಸಿತು, ಯಾವ ಕಾರಣಗಳಿಗಾಗಿ ವಿರೋಧಿಸಿತು ಎಂಬುದನ್ನು ತಿಳಿಯಲು ಇವರ ಜೀವನ ಬಹುಮಟ್ಟಿಗೆ ನೆರವಾಗುತ್ತದೆ.

ಜನನ ಮತ್ತು ಬಾಲ್ಯ

ಡೆಬ್ಸ್ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಪಟ್ಟಣದಲ್ಲಿ ಜನಿಸಿದರು. ತಂದೆ ಜೀನ್ ಡೇನಿಯಲ್ ಡೆಬ್ಸ್, ತಾಯಿ ಮಾರ್ಗರೀಟ್. ಇಬ್ಬರೂ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಕೋಲ್ಮಾರ್ ಊರಿನಿಂದ ವಲಸೆ ಬಂದವರು. ತಂದೆ ಟೆರೆ ಹೋಟ್‌ನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಸಾಹಿತ್ಯಪ್ರಿಯರಾದ ಅವರು ಫ್ರೆಂಚ್ ಲೇಖಕರಾದ ಯೂಜೀನ್ ಸ್ಯೂ ಮತ್ತು ವಿಕ್ಟರ್ ಹ್ಯೂಗೊ ಅವರ ಹೆಸರುಗಳನ್ನು ಸೇರಿಸಿ ಮಗನಿಗೆ ಇಟ್ಟರು.

ಡೆಬ್ಸ್ ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ರೈಲ್ವೆ ಕಾರ್ಯಾಗಾರವನ್ನು ಸೇರಿದರು. ರೈಲು ಎಂಜಿನ್ನುಗಳಿಗೆ ಅಂಟಿದ ಜಿಡ್ಡನ್ನೂ ಹಳೆಯ ಬಣ್ಣವನ್ನೂ ಕೆರೆದು ತೆಗೆಯುವುದು ಅವರ ಕೆಲಸ. ದಿನದ ಕೂಲಿ 50 ಸೆಂಟ್. ಮುಂದೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು. ಅಪಘಾತಗಳು ಸಾಮಾನ್ಯವಾಗಿದ್ದ ಈ ವೃತ್ತಿ ತಾಯಿಗೆ ಚಿಂತೆಯ ವಿಷಯವಾಗಿತ್ತು. 1874ರಲ್ಲಿ ರೈಲ್ವೆಯ ಕೆಲಸವನ್ನು ಬಿಟ್ಟು ಊರಿನ ಸಗಟು ದಿನಸಿ ಮಳಿಗೆಯೊಂದರಲ್ಲಿ ಗುಮಾಸ್ತರಾದರು. ಆದರೆ ರೈಲ್ವೆ ಕಾರ್ಮಿಕರೊಡನೆ ಅವರಿಗಿದ್ದ ನಂಟು ಕಡಿಯಲಿಲ್ಲ.

ಸಾರ್ವಜನಿಕ ಜೀವನದ ಆರಂಭ

1875ರಲ್ಲಿ ಟೆರೆ ಹೋಟ್‌ನಲ್ಲಿ ಫೈರ್‌ಮನ್‌ಗಳ ಸಂಘದ ಶಾಖೆ ಆರಂಭವಾದಾಗ ಡೆಬ್ಸ್ ಅದರ ಸ್ಥಾಪಕ ಸದಸ್ಯರೂ ಕಾರ್ಯದರ್ಶಿಯೂ ಆದರು. 1880ರ ವೇಳೆಗೆ ಅವರು ರಾಷ್ಟ್ರಮಟ್ಟದಲ್ಲಿ ಸಂಘದ ಕಾರ್ಯದರ್ಶಿ ಹಾಗೂ ಖಜಾಂಚಿಯಾಗಿ, ಅದರ ಮಾಸಪತ್ರಿಕೆಯ ಸಂಪಾದಕರಾಗಿ ಹೊಣೆ ಹೊತ್ತಿದ್ದರು. ಈ ನಡುವೆ ಡೆಮಾಕ್ರಟಿಕ್ ಪಕ್ಷದವರಾಗಿ ಎರಡು ಅವಧಿಗೆ ನಗರದ ಗುಮಾಸ್ತ ಹುದ್ದೆಗೆ ಚುನಾಯಿತರಾದರು. 1885ರಲ್ಲಿ ಇಂಡಿಯಾನಾ ಶಾಸನಸಭೆಯಲ್ಲಿ ಕುಳಿತರು. ಅದೇ ವರ್ಷ ಕೇಟ್ ಮೆಟ್ಜೆಲ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. ತಮ್ಮ ಥಿಯೋಡರ್ ಜೀವನಪರ್ಯಂತ ಅಣ್ಣನ ಆಪ್ತಸಹಾಯಕರಾಗಿದ್ದರು.

ಆ ಕಾಲದ ಡೆಬ್ಸ್ ಸಮಾಜವಾದಿಯಾಗಿರಲಿಲ್ಲ. ದುಡಿಮೆ, ಮಿತವ್ಯಯ, ಸಚ್ಚಾರಿತ್ರ್ಯಗಳಿದ್ದರೆ ಕಾರ್ಮಿಕನು ಮೇಲೇರಬಲ್ಲನೆಂದೂ, ಮಾಲೀಕರೂ ಕಾರ್ಮಿಕರೂ ಸೌಹಾರ್ದದಿಂದ ಬಾಳಬಹುದೆಂದೂ ಅವರು ನಂಬಿದ್ದರು. ಮುಷ್ಕರ ಹೂಡುವುದನ್ನು ಅವರು ಬಹುಕಾಲ ಇಷ್ಟಪಡಲಿಲ್ಲ. ಈ ನಂಬಿಕೆ ಅಂದಿನ ಸಾಮಾನ್ಯ ಅಮೆರಿಕನ್ನರ ನಂಬಿಕೆಯೇ ಆಗಿತ್ತು. ಅದನ್ನು ಅವರು ಕೈಬಿಡಲು ಪುಸ್ತಕಗಳಿಗಿಂತ ಹೆಚ್ಚಾಗಿ ಅನುಭವ ಕಾರಣವಾಯಿತು. 1888ರ ಬರ್ಲಿಂಗ್ಟನ್ ರೈಲ್ವೆ ಮುಷ್ಕರವು ಸೋತಾಗ, ಎಂಜಿನ್ ಚಾಲಕರು, ಫೈರ್‌ಮನ್‌ಗಳು, ಕಂಡಕ್ಟರುಗಳು ಬೇರೆ ಬೇರೆ ಸಂಘಗಳಾಗಿ ಒಡೆದುಕೊಂಡಿರುವುದರ ದುಷ್ಪರಿಣಾಮವು ಅವರಿಗೆ ಮನವರಿಕೆಯಾಯಿತು.

ಅಮೆರಿಕನ್ ರೈಲ್ವೆ ಯೂನಿಯನ್ ಮತ್ತು ಪುಲ್ಮನ್ ಮುಷ್ಕರ

1893ರಲ್ಲಿ ಡೆಬ್ಸ್ ಮತ್ತು ಸಂಗಡಿಗರು ಷಿಕಾಗೋದಲ್ಲಿ ಅಮೆರಿಕನ್ ರೈಲ್ವೆ ಯೂನಿಯನ್ ಸ್ಥಾಪಿಸಿದರು. ಹುದ್ದೆಯ ಭೇದವಿಲ್ಲದೆ ರೈಲ್ವೆಯ ಎಲ್ಲ ನೌಕರರನ್ನೂ ಒಂದೇ ಸಂಘದಲ್ಲಿ ಸೇರಿಸುವುದು ಇದರ ಉದ್ದೇಶ. 1894ರ ಏಪ್ರಿಲ್‌ನಲ್ಲಿ ಜೇಮ್ಸ್ ಹಿಲ್ ಅವರ ಒಡೆತನದ ಗ್ರೇಟ್ ನಾರ್ದರ್ನ್ ರೈಲ್ವೆಯ ವಿರುದ್ಧ 18 ದಿನಗಳ ಮುಷ್ಕರ ನಡೆಸಿ ಸಂಘವು ಗೆದ್ದಿತು. ಸದಸ್ಯರ ಸಂಖ್ಯೆ ಸುಮಾರು ಒಂದೂವರೆ ಲಕ್ಷಕ್ಕೆ ಏರಿತು. ಆದರೆ ಕರಿಯ ಕಾರ್ಮಿಕರನ್ನೂ ಸೇರಿಸಿಕೊಳ್ಳಬೇಕೆಂಬ ಡೆಬ್ಸ್ ಅವರ ಸಲಹೆಯನ್ನು ಸಂಘದ ಅಧಿವೇಶನವು ಅಲ್ಪ ಅಂತರದಿಂದ ತಿರಸ್ಕರಿಸಿತು. ಮುಂದಿನ ಹೋರಾಟದಲ್ಲಿ ಇದು ಸಂಘದ ದೌರ್ಬಲ್ಯವಾಯಿತು.

ರೈಲುಗಳ ಶಯನ ಬೋಗಿಗಳನ್ನು ತಯಾರಿಸುತ್ತಿದ್ದ ಪುಲ್ಮನ್ ಕಂಪನಿಯ ಕಾರ್ಮಿಕರು ಷಿಕಾಗೋದ ದಕ್ಷಿಣಕ್ಕೆ ಕಂಪನಿಯೇ ಕಟ್ಟಿಸಿದ ಪಟ್ಟಣದಲ್ಲಿ ವಾಸಿಸುತ್ತಿದ್ದರು. 1893ರ ಆರ್ಥಿಕ ಕುಸಿತದ ನಂತರ ಕಂಪನಿಯು ಕೂಲಿಯನ್ನು ಸರಾಸರಿ ನಾಲ್ಕನೆಯ ಒಂದು ಭಾಗದಷ್ಟು ಕಡಿತಗೊಳಿಸಿತು. ಮನೆಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. 1894ರ ಮೇ ತಿಂಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಸಂಧಾನಕ್ಕೆ ಕಂಪನಿ ಒಪ್ಪದಿದ್ದಾಗ, ಪುಲ್ಮನ್ ಬೋಗಿಗಳಿರುವ ಯಾವ ರೈಲನ್ನೂ ನಡೆಸುವುದಿಲ್ಲವೆಂದು ರೈಲ್ವೆ ಯೂನಿಯನ್ ನಿರ್ಧರಿಸಿತು. ದೇಶದ ಪಶ್ಚಿಮಾರ್ಧದ ರೈಲು ಸಂಚಾರ ಬಹುಪಾಲು ಸ್ತಬ್ಧವಾಯಿತು.

ಅಂಚೆ ಸಾಗಣೆಗೆ ಅಡ್ಡಿಯಾಗಿದೆಯೆಂಬ ಕಾರಣವನ್ನು ಮುಂದಿಟ್ಟು ಕೇಂದ್ರ ಸರ್ಕಾರವು ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಿತು. ಇಲಿನಾಯ್ ರಾಜ್ಯಪಾಲ ಆಲ್ಟ್‌ಗೆಲ್ಡ್ ಅವರ ಪ್ರತಿಭಟನೆಯನ್ನು ಲೆಕ್ಕಿಸದೆ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಷಿಕಾಗೋಗೆ ಸೈನ್ಯವನ್ನು ಕಳುಹಿಸಿದರು. ಗಲಭೆಗಳಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಮುಷ್ಕರ ಮುರಿಯಿತು, ಯೂನಿಯನ್ ಕುಸಿಯಿತು. ತಡೆಯಾಜ್ಞೆಯನ್ನು ಉಲ್ಲಂಘಿಸಿ ನ್ಯಾಯಾಂಗ ನಿಂದನೆ ಎಸಗಿದ್ದಕ್ಕಾಗಿ ಡೆಬ್ಸ್ ಅವರಿಗೆ ಆರು ತಿಂಗಳ ಸೆರೆವಾಸ ವಿಧಿಸಲಾಯಿತು. ಕ್ಲಾರೆನ್ಸ್ ಡ್ಯಾರೋ ಮೊದಲಾದ ವಕೀಲರು ಅವರ ಪರವಾಗಿ ವಾದಿಸಿದರೂ 1895ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ಎತ್ತಿಹಿಡಿಯಿತು.

ಸಮಾಜವಾದದತ್ತ

ಇಲಿನಾಯ್ ರಾಜ್ಯದ ವುಡ್‌ಸ್ಟಾಕ್ ಸೆರೆಮನೆಯಲ್ಲಿ ಡೆಬ್ಸ್ ವ್ಯಾಪಕವಾಗಿ ಓದಿದರು. ಮಿಲ್ವಾಕಿಯ ಸಮಾಜವಾದಿ ವಿಕ್ಟರ್ ಬರ್ಗರ್ ಅಲ್ಲಿಗೆ ಬಂದು ಕಾರ್ಲ್ ಮಾರ್ಕ್ಸ್ ಅವರ ಗ್ರಂಥವನ್ನು ಕೊಟ್ಟರು. ಆದರೂ ಪರಿವರ್ತನೆ ಒಂದೇ ದಿನದಲ್ಲಿ ಆದುದಲ್ಲ. ಬಿಡುಗಡೆಯ ನಂತರವೂ 1896ರ ಚುನಾವಣೆಯಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನು ಬೆಂಬಲಿಸಿದರು. ಬ್ರಯನ್ ಸೋತ ಬಳಿಕ, 1897ರ ಜನವರಿಯಲ್ಲಿ ತಾವು ಸಮಾಜವಾದಿಯೆಂದು ಬಹಿರಂಗವಾಗಿ ಘೋಷಿಸಿಕೊಂಡರು. ಹಲವು ಗುಂಪುಗಳು ಕೂಡಿ 1901ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕದ ಸೋಷಲಿಸ್ಟ್ ಪಕ್ಷವನ್ನು ಸ್ಥಾಪಿಸಿದವು. ಡೆಬ್ಸ್ ಅದರ ಅತ್ಯಂತ ಜನಪ್ರಿಯ ನಾಯಕರಾದರು. 1905ರಲ್ಲಿ ವಿಶ್ವ ಔದ್ಯಮಿಕ ಕಾರ್ಮಿಕರ ಸಂಘದ ಸ್ಥಾಪನೆಯಲ್ಲಿಯೂ ಪಾಲ್ಗೊಂಡರು. ಕೆಲವು ವರ್ಷಗಳಲ್ಲಿ ಅದರಿಂದ ದೂರ ಸರಿದರು.

ಅಧ್ಯಕ್ಷೀಯ ಚುನಾವಣೆಗಳು

ಡೆಬ್ಸ್ ಅವರಿಗೆ ದೊರೆತ ಮತಗಳ ಪ್ರಮಾಣ ಹೀಗಿದೆ:

- 1900: ಸುಮಾರು ಶೇಕಡ 0.6
- 1904: ಸುಮಾರು 4 ಲಕ್ಷ ಮತಗಳು, ಶೇಕಡ 3
- 1908: ಸುಮಾರು 4.2 ಲಕ್ಷ ಮತಗಳು, ಶೇಕಡ 2.8
- 1912: ಸುಮಾರು 9 ಲಕ್ಷ ಮತಗಳು, ಶೇಕಡ 6
- 1920: 9 ಲಕ್ಷಕ್ಕೂ ಹೆಚ್ಚು ಮತಗಳು, ಶೇಕಡ 3.4

1908ರಲ್ಲಿ 'ರೆಡ್ ಸ್ಪೆಷಲ್' ಎಂಬ ವಿಶೇಷ ರೈಲಿನಲ್ಲಿ ದೇಶವನ್ನೆಲ್ಲ ಸಂಚರಿಸಿ ಅವರು ಪ್ರಚಾರ ನಡೆಸಿದರು. 1916ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸದೆ ಇಂಡಿಯಾನಾದಿಂದ ಪ್ರತಿನಿಧಿ ಸಭೆಗೆ ನಿಂತು ಸೋತರು. ತಾವು ಗೆಲ್ಲುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಚುನಾವಣೆಯನ್ನು ಅವರು ಜನಶಿಕ್ಷಣದ ವೇದಿಕೆಯೆಂದೇ ಭಾವಿಸಿದ್ದರು.

ಬೆಂಬಲ ಮತ್ತು ವಿರೋಧದ ಕಾರಣಗಳು

ಸಮಾಜವಾದವನ್ನು ಬೆಂಬಲಿಸಿದವರು ಕೇವಲ ವಲಸಿಗರೆಂಬ ಭಾವನೆ ಸರಿಯಲ್ಲ. ಮಿಲ್ವಾಕಿಯ ಜರ್ಮನ್ ಕುಶಲಕರ್ಮಿಗಳು ಹಾಗೂ ನ್ಯೂಯಾರ್ಕ್‌ನ ಯಹೂದಿ ಸಿದ್ಧ ಉಡುಪು ಕಾರ್ಮಿಕರ ಜೊತೆಗೆ ಪಶ್ಚಿಮದ ಗಣಿಗಾರರೂ ಒಕ್ಲಹೋಮದ ಗೇಣಿದಾರ ರೈತರೂ ಪಕ್ಷದ ಬೆನ್ನಿಗಿದ್ದರು. 1912ರಲ್ಲಿ ಒಕ್ಲಹೋಮದಲ್ಲಿ ಡೆಬ್ಸ್ ಅವರಿಗೆ ಶೇಕಡ 16ಕ್ಕೂ ಹೆಚ್ಚು ಮತಗಳು ಬಂದವು. ಸಾಲ ಮತ್ತು ಗೇಣಿಯ ಭಾರದಿಂದ ಕುಗ್ಗಿದ್ದ ಅಲ್ಲಿನ ರೈತರು ಕುಟುಂಬಸಮೇತರಾಗಿ ಬಂದು ದಿನಗಟ್ಟಲೆ ಬಿಡಾರ ಹೂಡುತ್ತಿದ್ದ ಸಮಾಜವಾದಿ ಶಿಬಿರಗಳು ಕ್ರೈಸ್ತ ಧಾರ್ಮಿಕ ಸಮಾವೇಶಗಳನ್ನು ಹೋಲುತ್ತಿದ್ದವು. ಕ್ಯಾನ್ಸಸ್ ರಾಜ್ಯದ ಗಿರಾರ್ಡ್ ಎಂಬ ಸಣ್ಣ ಊರಿನಿಂದ ಹೊರಡುತ್ತಿದ್ದ 'ಅಪೀಲ್ ಟು ರೀಸನ್' ಎಂಬ ಸಮಾಜವಾದಿ ವಾರಪತ್ರಿಕೆ ಲಕ್ಷಾಂತರ ಓದುಗರನ್ನು ಹೊಂದಿತ್ತು. 1912ರ ವೇಳೆಗೆ ಸಾವಿರಕ್ಕೂ ಹೆಚ್ಚು ಸಮಾಜವಾದಿಗಳು ಸ್ಥಳೀಯ ಸಂಸ್ಥೆಗಳೂ ಸೇರಿದಂತೆ ಬೇರೆ ಬೇರೆ ಸ್ಥಾನಗಳಿಗೆ ಚುನಾಯಿತರಾಗಿದ್ದರು. ಬರ್ಗರ್ 1910ರಲ್ಲಿ ಪ್ರತಿನಿಧಿ ಸಭೆಗೆ ಚುನಾಯಿತರಾದ ಮೊದಲ ಸಮಾಜವಾದಿಯಾದರು.

ಈ ಬೆಂಬಲಿಗರ ದೃಷ್ಟಿಯಲ್ಲಿ ಸಮಾಜವಾದವೆಂದರೆ ದೊಡ್ಡ ಕಂಪನಿಗಳ ಹಿಡಿತದಿಂದ ಪ್ರಜೆಯ ಸ್ವಾತಂತ್ರ್ಯವನ್ನು ಮರಳಿ ಪಡೆಯುವುದು. ಡೆಬ್ಸ್ ತಮ್ಮ ಭಾಷಣಗಳಲ್ಲಿ ಮಾರ್ಕ್ಸ್ ಅವರಿಗಿಂತ ಹೆಚ್ಚಾಗಿ ಜೆಫರ್ಸನ್, ಲಿಂಕನ್, ಗುಲಾಮಗಿರಿ ವಿರೋಧಿ ಹೋರಾಟಗಾರರು ಹಾಗೂ ಯೇಸುವನ್ನು ಸ್ಮರಿಸುತ್ತಿದ್ದರು.

ವಿರೋಧವೂ ಅಷ್ಟೇ ಆಳವಾಗಿತ್ತು. ಸ್ವಂತ ಜಮೀನು, ಸ್ವಂತ ಮನೆ, ಸ್ವಂತ ಅಂಗಡಿ ಸ್ವಾತಂತ್ರ್ಯದ ಆಧಾರವೆಂದು ನಂಬಿದ್ದವರಿಗೆ, ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನವೆಂಬುದು ಆ ಸ್ವಾತಂತ್ರ್ಯಕ್ಕೆ ಒದಗಿದ ಗಂಡಾಂತರವಾಗಿ ಕಂಡಿತು. ತಮ್ಮ ಕಾಲದಲ್ಲಿ ಅಲ್ಲದಿದ್ದರೂ ಮಕ್ಕಳ ಕಾಲದಲ್ಲಿ ಮೇಲೇರಬಹುದೆಂಬ ಆಶೆಯೂ ಅನೇಕ ಕಾರ್ಮಿಕರಲ್ಲಿತ್ತು. ಕ್ಯಾಥೊಲಿಕ್ ಧರ್ಮಗುರುಗಳು ಖಾಸಗಿ ಆಸ್ತಿಯ ಹಕ್ಕನ್ನು ಸಮರ್ಥಿಸಿದ 1891ರ ಪೋಪ್ ಪತ್ರವನ್ನು ಅನುಸರಿಸಿ ಸಮಾಜವಾದವನ್ನು ಖಂಡಿಸಿದರು. ಕಾರ್ಮಿಕ ನಾಯಕ ಸ್ಯಾಮುಯೆಲ್ ಗಾಂಪರ್ಸ್ ಕೂಲಿ ಮತ್ತು ದುಡಿಮೆಯ ವೇಳೆಯ ಸುಧಾರಣೆಯೇ ಸಂಘಗಳ ಕೆಲಸವೆಂದು ವಾದಿಸಿ ಡೆಬ್ಸ್ ಅವರನ್ನು ವಿರೋಧಿಸಿದರು. ಗೆದ್ದವನಿಗೇ ಎಲ್ಲವೂ ಸಲ್ಲುವ ಚುನಾವಣಾ ಪದ್ಧತಿಯಲ್ಲಿ ಮೂರನೆಯ ಪಕ್ಷಕ್ಕೆ ಮತ ಹಾಕುವುದು ವ್ಯರ್ಥವೆಂಬ ಭಾವನೆಯೂ ಇತ್ತು. ಜರ್ಮನ್ ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟ್ ಅಮೆರಿಕದಲ್ಲಿ ಸಮಾಜವಾದವೇಕೆ ಇಲ್ಲವೆಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ 1906ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಹೀಗೆ ಬೆಂಬಲಿಸಿದವರೂ ವಿರೋಧಿಸಿದವರೂ ಸ್ವಾತಂತ್ರ್ಯವೆಂಬ ಒಂದೇ ಮೌಲ್ಯವನ್ನು ಆಶ್ರಯಿಸಿದ್ದರು. ಆ ಸ್ವಾತಂತ್ರ್ಯಕ್ಕೆ ಅಪಾಯ ಬರುವುದು ಬಂಡವಾಳದಿಂದಲೋ ಸರ್ಕಾರದಿಂದಲೋ ಎಂಬುದರಲ್ಲಿ ಅವರ ನಡುವೆ ಭಿನ್ನಾಭಿಪ್ರಾಯವಿತ್ತು.

ಯುದ್ಧ ವಿರೋಧ ಮತ್ತು ಸೆರೆವಾಸ

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಸೋಷಲಿಸ್ಟ್ ಪಕ್ಷ ಅದನ್ನು ವಿರೋಧಿಸಿತು. ಅಲ್ಲಿಯವರೆಗೆ ಭಿನ್ನಮತವೆನಿಸಿದ್ದ ಸಮಾಜವಾದವು ಈಗ ದೇಶದ್ರೋಹವೆನಿಸಿತು. ಗೂಢಚರ್ಯೆ ಕಾಯಿದೆಯ ಅಡಿಯಲ್ಲಿ ಪತ್ರಿಕೆಗಳಿಗೆ ಅಂಚೆ ಸೌಲಭ್ಯವನ್ನು ನಿಲ್ಲಿಸಲಾಯಿತು, ಅನೇಕರನ್ನು ಬಂಧಿಸಲಾಯಿತು.

1918ರ ಜೂನ್ 16ರಂದು ಡೆಬ್ಸ್ ಒಹಾಯೋ ರಾಜ್ಯದ ಕ್ಯಾಂಟನ್ ನಗರದಲ್ಲಿ ಸೆರೆಯಲ್ಲಿದ್ದ ಮೂವರು ಸಂಗಾತಿಗಳನ್ನು ಭೇಟಿಯಾಗಿ, ಹತ್ತಿರದ ಉದ್ಯಾನದಲ್ಲಿ ಭಾಷಣ ಮಾಡಿದರು. ಯುದ್ಧವನ್ನು ಸಾರುವವರು ಆಳುವ ವರ್ಗದವರು, ಹೋರಾಡಿ ಸಾಯುವವರು ಸಾಮಾನ್ಯ ಜನ ಎಂಬುದು ಅದರ ತಿರುಳು. ಸರ್ಕಾರದ ಶೀಘ್ರಲಿಪಿಕಾರರು ಭಾಷಣವನ್ನು ಬರೆದುಕೊಂಡರು. ಎರಡು ವಾರಗಳಲ್ಲಿ ಡೆಬ್ಸ್ ಬಂಧಿತರಾದರು. ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ವಿಚಾರಣೆಯಲ್ಲಿ ಅವರು ತಾವು ಆಡಿದ ಮಾತನ್ನು ಅಲ್ಲಗಳೆಯಲಿಲ್ಲ. ನ್ಯಾಯಾಲಯವು ಹತ್ತು ವರ್ಷಗಳ ಸೆರೆವಾಸ ವಿಧಿಸಿತು. 1919ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಈ ತೀರ್ಪನ್ನು ಎತ್ತಿಹಿಡಿಯಿತು; ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್.

ಅದೇ ಏಪ್ರಿಲ್‌ನಲ್ಲಿ, 63ನೆಯ ವಯಸ್ಸಿನಲ್ಲಿ, ಡೆಬ್ಸ್ ವೆಸ್ಟ್ ವರ್ಜೀನಿಯಾದ ಮೌಂಡ್ಸ್‌ವಿಲ್ ಸೆರೆಮನೆಯನ್ನು ಸೇರಿದರು. ಬಳಿಕ ಅವರನ್ನು ಅಟ್ಲಾಂಟಾಕ್ಕೆ ವರ್ಗಾಯಿಸಲಾಯಿತು. ಅಲ್ಲಿ 9653ನೆಯ ಸಂಖ್ಯೆಯ ಕೈದಿಯಾಗಿ 1920ರ ಚುನಾವಣೆಗೆ ನಿಂತರು. ಮಹಿಳೆಯರಿಗೆ ರಾಷ್ಟ್ರಾದ್ಯಂತ ಮತದ ಹಕ್ಕು ದೊರೆತು ಮತದಾರರ ಸಂಖ್ಯೆ ಹೆಚ್ಚಿದ್ದುದರಿಂದ, ಮತಗಳ ಸಂಖ್ಯೆ 1912ರಷ್ಟೇ ಇದ್ದರೂ ಶೇಕಡಾವಾರು ಇಳಿಯಿತು. ಅಧ್ಯಕ್ಷ ವುಡ್ರೋ ವಿಲ್ಸನ್ ಬಿಡುಗಡೆಗೆ ಒಪ್ಪಲಿಲ್ಲ. ಅವರ ನಂತರ ಬಂದ ವಾರೆನ್ ಹಾರ್ಡಿಂಗ್ 1921ರ ಕ್ರಿಸ್‌ಮಸ್ ದಿನದಿಂದ ಜಾರಿಗೆ ಬರುವಂತೆ ಶಿಕ್ಷೆಯನ್ನು ಕಡಿತಗೊಳಿಸಿದರು, ಅದು ಕ್ಷಮಾದಾನವಾಗಿರಲಿಲ್ಲ. ಡೆಬ್ಸ್ ಹೊರಡುವಾಗ ಸೆರೆಮನೆಯ ಕೈದಿಗಳೆಲ್ಲ ಜಯಘೋಷ ಮಾಡಿ ಬೀಳ್ಕೊಟ್ಟರು. ಮರುದಿನ ಅವರು ಶ್ವೇತಭವನದಲ್ಲಿ ಹಾರ್ಡಿಂಗ್ ಅವರನ್ನು ಭೇಟಿಯಾದರು.

ಕೊನೆಯ ದಿನಗಳು

ರಷ್ಯಾದ ಕ್ರಾಂತಿಯನ್ನು ಡೆಬ್ಸ್ ಸ್ವಾಗತಿಸಿದ್ದರು. ಆದರೆ 1919ರಲ್ಲಿ ಪಕ್ಷ ಒಡೆದಾಗ ಹುಟ್ಟಿದ ಕಮ್ಯುನಿಸ್ಟ್ ಗುಂಪುಗಳನ್ನು ಅವರು ಸೇರಲಿಲ್ಲ. 1922ರಲ್ಲಿ ರಷ್ಯಾದಲ್ಲಿ ಭಿನ್ನಮತೀಯ ಸಮಾಜವಾದಿಗಳನ್ನು ಮರಣದಂಡನೆಗೆ ಗುರಿಪಡಿಸುವ ವಿಚಾರಣೆ ನಡೆದಾಗ ಲೆನಿನ್ ಅವರಿಗೆ ತಂತಿ ಕಳುಹಿಸಿ ಪ್ರತಿಭಟಿಸಿದರು. ಸೆರೆವಾಸದಿಂದ ಅವರ ಆರೋಗ್ಯ ಕೆಟ್ಟಿತ್ತು, ಪಕ್ಷವೂ ಕ್ಷೀಣಿಸಿತ್ತು. 1926ರ ಅಕ್ಟೋಬರ್ 20ರಂದು ಇಲಿನಾಯ್ ರಾಜ್ಯದ ಎಲ್ಮ್‌ಹರ್ಸ್ಟ್‌ನ ಆರೋಗ್ಯಧಾಮದಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಟೆರೆ ಹೋಟ್‌ನಲ್ಲಿ ಸಮಾಧಿ ಮಾಡಲಾಗಿದೆ. ಸೆರೆಮನೆಗಳ ಸ್ಥಿತಿಗತಿಯನ್ನು ಕುರಿತು ಅವರು ಬರೆದ 'ವಾಲ್ಸ್ ಅಂಡ್ ಬಾರ್ಸ್' ಕೃತಿ ಮರಣಾನಂತರ 1927ರಲ್ಲಿ ಪ್ರಕಟವಾಯಿತು.

ಪ್ರಭಾವ

ಡೆಬ್ಸ್ ಒಂದು ರಾಜ್ಯದಲ್ಲಿಯೂ ಬಹುಮತ ಪಡೆಯಲಿಲ್ಲ. ಆದರೆ 1912ರಲ್ಲಿ ಅವರ ಪಕ್ಷದ ಪ್ರಣಾಳಿಕೆಯಲ್ಲಿದ್ದ ಏರುದರದ ಆದಾಯ ತೆರಿಗೆ, ಮಹಿಳೆಯರ ಮತದ ಹಕ್ಕು, ಬಾಲಕಾರ್ಮಿಕ ಪದ್ಧತಿಯ ನಿಷೇಧ, ವೃದ್ಧಾಪ್ಯ ಹಾಗೂ ನಿರುದ್ಯೋಗ ವಿಮೆಗಳು ಮುಂದಿನ ಮೂರು ದಶಕಗಳಲ್ಲಿ ಬೇರೆ ಪಕ್ಷಗಳ ಆಡಳಿತದಲ್ಲಿ ಒಂದಲ್ಲ ಒಂದು ರೂಪದಲ್ಲಿ ಕಾನೂನಾದವು. ಸಮಾಜವಾದವೆಂಬ ಹೆಸರನ್ನು ಒಪ್ಪದ ಅಮೆರಿಕನ್ನರು ಅದರ ಹಲವು ಬೇಡಿಕೆಗಳನ್ನು ಒಪ್ಪಿಕೊಂಡರು. ಪ್ರಮುಖ ಪಕ್ಷಗಳು ಈ ಬೇಡಿಕೆಗಳನ್ನು ತಮ್ಮದಾಗಿಸಿಕೊಂಡದ್ದೂ ಸೋಷಲಿಸ್ಟ್ ಪಕ್ಷವು ಬೆಳೆಯದಿರಲು ಒಂದು ಕಾರಣವಾಯಿತು.

ಪಕ್ಷದ ನಾಯಕತ್ವ ಅವರ ಬಳಿಕ ನಾರ್ಮನ್ ಥಾಮಸ್ ಅವರಿಗೆ ಬಂದಿತು. ಮುಂದೆ ವರ್ಮಾಂಟ್ ರಾಜ್ಯದ ಸೆನೆಟರ್ ಆದ ಬರ್ನಿ ಸ್ಯಾಂಡರ್ಸ್ 1979ರಲ್ಲಿ ಡೆಬ್ಸ್ ಅವರನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದರು. ಟೆರೆ ಹೋಟ್‌ನಲ್ಲಿರುವ ಡೆಬ್ಸ್ ಅವರ ಮನೆಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಗಿದ್ದು, ಈಗ ಅದು ವಸ್ತುಸಂಗ್ರಹಾಲಯವಾಗಿದೆ.