ಮಕ್ಕಳಿಗೆ ಚಿತ್ರ ನೋಡಲು ಕಲಿಸಿ ಎಂದ ಮೇಷ್ಟ್ರು: ನಂದಲಾಲ್ ಬೋಸ್

ನಂದಲಾಲ್ ಬೋಸ್ ಅಂದ್ರೆ ಸಂವಿಧಾನದ ಮೂಲ ಪ್ರತಿಗೆ ಚಿತ್ರ ಬರೆದ ಕಲಾವಿದ. ನಮ್ಮಲ್ಲಿ ಬಹುತೇಕರಿಗೆ ಗೊತ್ತಿರುವುದು ಇಷ್ಟೇ. ನವೆಂಬರ್ 26 ಬಂದಾಗ, ಜನವರಿ 26 ಬಂದಾಗ ವಾಟ್ಸ್ಆ್ಯಪ್‌ನಲ್ಲಿ ಆ ಪುಟಗಳು ಓಡಾಡುತ್ತವೆ. ಯಾವ ಚಿತ್ರ ಯಾವ ಪುಟದಲ್ಲಿದೆ, ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಜಗಳವೂ ಆಗುತ್ತೆ. ಜಗಳ ಮುಗಿದ ಮೇಲೆ ಆ ಹೆಸರು ಮತ್ತೆ ಒಂದು ವರ್ಷ ಮರೆತುಹೋಗುತ್ತೆ.

ನನಗೆ ಅವರು ಬೇರೆ ಕಾರಣಕ್ಕೆ ಮುಖ್ಯ. ನಾನು ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುವವಳು. ನಮ್ಮಂಥ ಶಾಲೆಗಳಲ್ಲಿ ಚಿತ್ರಕಲೆಗೆಂದೇ ಮೇಷ್ಟ್ರು ಇರುವುದಿಲ್ಲ. ಇರುವವರೇ ಒಂದು ಪಿರಿಯಡ್ ನೋಡಿಕೊಳ್ಳಬೇಕು. ಆ ಪಿರಿಯಡ್‌ನಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕದಲ್ಲಿ ತೆಂಗಿನಮರ, ಹೆಂಚಿನ ಮನೆ. ಸಮುದ್ರದ ದಂಡೆಯ ಮಗುವೂ ಅದನ್ನೇ ಬರೆಯುತ್ತೆ, ಬಯಲುಸೀಮೆಯ ಮಗುವೂ ಅದನ್ನೇ. ನಾವು ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ 'ಗುಡ್' ಅಂತ ಬರೆದು ಕೊಡ್ತೀವಿ. ಯಾವುದು ಗುಡ್, ಯಾಕೆ ಗುಡ್ ಅಂತ ನಾವೂ ಹೇಳಲ್ಲ, ಮಕ್ಕಳೂ ಕೇಳಲ್ಲ.

ಈ 'ಯಾಕೆ' ಅನ್ನೋದನ್ನ ಶಾಲೆಯೊಳಗೆ ತರಬೇಕು ಅಂತ ಜೀವನವಿಡೀ ಹೆಣಗಿದ ಮನುಷ್ಯ ನಂದಲಾಲ್. ಅದಕ್ಕೇ ಈ ಬರಹ.

ಪರೀಕ್ಷೆಯಲ್ಲಿ ಫೇಲಾದ ಹುಡುಗ

ನಂದಲಾಲ್ ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಈಗಿನ ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಅಪ್ಪ ಪೂರ್ಣಚಂದ್ರ ದರ್ಭಾಂಗಾ ಸಂಸ್ಥಾನದ ನೌಕರ. ಅಮ್ಮ ಖೇತ್ರಮಣಿ ದೇವಿಯದು ಗೊಂಬೆ, ಆಟಿಕೆ ಮಾಡುವ ಕೈ. ಊರಲ್ಲಿ ಮಣ್ಣಿನ ಮೂರ್ತಿ ಮಾಡುವವರ ಹತ್ತಿರ ಹೋಗಿ ಕೂತು ನೋಡುವುದು ಹುಡುಗನಿಗೆ ಚಟ. ಹಬ್ಬ ಬಂದರೆ ಪೂಜೆಯ ಚಪ್ಪರ ಸಿಂಗರಿಸಲು ಮುಂದೆ. ಅವರ ಮೊದಲ ಕಲಾಶಾಲೆ ಅದೇ ಅನ್ನಬೇಕು.

ಓದಿಗೆ ಅಂತ ಕಲ್ಕತ್ತಾಗೆ ಕಳಿಸಿದರು. ಎಂಟ್ರೆನ್ಸ್ ಹೇಗೋ ಪಾಸಾಯಿತು, ಮುಂದಿನ ಕಾಲೇಜು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲ್. ವಾಣಿಜ್ಯ ಓದಿಸಲು ನೋಡಿದರು, ಅದೂ ದಕ್ಕಲಿಲ್ಲ. ಕೊನೆಗೆ 1905ರ ಹೊತ್ತಿಗೆ ಮನೆಯವರನ್ನು ಒಪ್ಪಿಸಿ ಕಲ್ಕತ್ತಾದ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಇ.ಬಿ. ಹ್ಯಾವೆಲ್ ಪ್ರಾಂಶುಪಾಲರು, ಅವನೀಂದ್ರನಾಥ ಟ್ಯಾಗೋರ್ ಉಪ ಪ್ರಾಂಶುಪಾಲರು. ಬ್ರಿಟಿಷ್ ಮಾದರಿಯ ನಕಲು ಬಿಟ್ಟು ಈ ನೆಲದ ಚಿತ್ರ, ಶಿಲ್ಪಗಳತ್ತ ವಿದ್ಯಾರ್ಥಿಗಳ ಕಣ್ಣು ತಿರುಗಿಸಲು ಇಬ್ಬರೂ ಹೊರಟಿದ್ದ ಕಾಲ ಅದು.

ಇಲ್ಲಿ ನಮ್ಮ ಊರಿನ ಒಂದು ಎಳೆಯೂ ಸೇರುತ್ತೆ. ಮೈಸೂರಿನಿಂದ ಹೋದ ಕೆ. ವೆಂಕಟಪ್ಪನವರೂ ಅದೇ ಅವನೀಂದ್ರನಾಥರ ಶಿಷ್ಯರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಹಿಂದೂ ಹಾಗೂ ಬೌದ್ಧ ಪುರಾಣಕತೆಗಳ ಪುಸ್ತಕ 1913ರಲ್ಲಿ ಬಂತಲ್ಲ, ಅದಕ್ಕೆ ಚಿತ್ರ ಬರೆದವರಲ್ಲಿ ನಂದಲಾಲ್ ಇದ್ದಾರೆ, ವೆಂಕಟಪ್ಪನವರೂ ಇದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಆರ್ಟ್ ಗ್ಯಾಲರಿಗೆ ಹೆಸರಿರುವುದು ಇದೇ ವೆಂಕಟಪ್ಪನವರದು.

ಗುರು ಓಡಿ ಬಂದ ಬೆಳಿಗ್ಗೆ

ವಿಮರ್ಶೆ ಅಂದರೇನು ಅಂತ ತಿಳಿಯಲು ನಂದಲಾಲರ ವಿದ್ಯಾರ್ಥಿ ದಿನಗಳ ಒಂದು ಘಟನೆ ಸಾಕು. ಇದನ್ನು ಅವನೀಂದ್ರನಾಥರೇ ಮುಂದೆ ನೆನಪಿಸಿಕೊಂಡಿದ್ದಾರೆ.

ನಂದಲಾಲ್ ಶಿವನಿಗಾಗಿ ತಪಸ್ಸು ಮಾಡುವ ಉಮೆಯ ಚಿತ್ರ ಬರೆದು ಗುರುಗಳಿಗೆ ತೋರಿಸಿದರು. ಗುರುಗಳಿಗೆ ಅದು ಸಪ್ಪೆ ಅನಿಸಿತು. ಇನ್ನಷ್ಟು ಬಣ್ಣ ಬೇಕು, ಉಮೆಗೆ ಸ್ವಲ್ಪ ಸಿಂಗಾರ ಬೇಕು ಅಂತ ಹೇಳಿದರು. ಶಿಷ್ಯ ತಲೆಯಾಡಿಸಿ ಮನೆಗೆ ಹೋದ. ಆದರೆ ಆ ರಾತ್ರಿ ಗುರುಗಳಿಗೆ ನಿದ್ದೆ ಹತ್ತಲಿಲ್ಲ. ತಪಸ್ಸಿಗೆ ಕೂತ ಹುಡುಗಿಗೆ ಸಿಂಗಾರ ಎಲ್ಲಿಂದ ಬರಬೇಕು? ಎಲ್ಲ ಬಿಟ್ಟು ಕೂತವಳಿಗೆ ಬಣ್ಣ ಯಾಕೆ? ಬೆಳಗಾಗುತ್ತಲೇ ಶಿಷ್ಯನ ಹತ್ತಿರ ಓಡಿದರು. ನಂದಲಾಲ್ ಕುಂಚ ಹಿಡಿದು ತಿದ್ದಲು ಹೊರಟಿದ್ದರಷ್ಟೇ. ಗುರುಗಳು ತಡೆದರು. ಚಿತ್ರ ಹಾಗೇ ಉಳಿಯಿತು.

ಶಿಕ್ಷಕಿಯಾಗಿ ನನಗೆ ಈ ಘಟನೆ ಬಹಳ ದೊಡ್ಡದು. ಇಲ್ಲಿ ಎರಡು ಪಾಠ ಇವೆ. ಒಂದು, ಚಿತ್ರವನ್ನು ಅಳೆಯಬೇಕಾದದ್ದು ಅದು ಏನು ಹೇಳಲು ಹೊರಟಿದೆಯೋ ಅದರಿಂದ, ನೋಡುವವರ ರುಚಿಯಿಂದ ಅಲ್ಲ. ಎರಡು, ವಿಮರ್ಶೆ ಮಾಡಿದವರೂ ಮತ್ತೊಮ್ಮೆ ನೋಡಿ ತಮ್ಮ ಮಾತು ವಾಪಸ್ ತಗೋಬಹುದು. ಗುರುವಾದರೂ ಸರಿ. ನಮ್ಮ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ್ದು ಇದನ್ನೇ ಅಲ್ಲವೇ?

ಕಲಾಭವನದ ಮಾಸ್ತರ ಮೊಶಾಯ್

ಶಾಂತಿನಿಕೇತನದಲ್ಲಿ ಕಲಾಭವನ ಶುರುವಾದದ್ದು 1919ರಲ್ಲಿ. ರವೀಂದ್ರನಾಥರ ಕರೆಗೆ ಓಗೊಟ್ಟು ಬಂದ ನಂದಲಾಲ್, 1920ರ ದಶಕದ ಆರಂಭದಲ್ಲಿ ಅದರ ಹೊಣೆ ಹೊತ್ತರು. 1951ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಇದ್ದರು. ಎಲ್ಲರಿಗೂ ಅವರು ಮಾಸ್ತರ ಮೊಶಾಯ್, ನಮ್ಮ ಬಾಯಲ್ಲಿ ಹೇಳೋದಾದ್ರೆ ಮೇಷ್ಟ್ರು. ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್ ಅವರ ಶಿಷ್ಯರು. ಸಿನಿಮಾ ಮಾಡುವ ಮೊದಲು ಸತ್ಯಜಿತ್ ರಾಯ್ ಕೂಡ ಅಲ್ಲಿ ಕಲಿತರು. ಧಾರವಾಡದಲ್ಲಿ ಹುಟ್ಟಿದ ದಿನಕರ ಕೌಶಿಕ್ ಅಲ್ಲಿ ಕಲಿತು, ಮುಂದೆ ಅದೇ ಕಲಾಭವನದ ಪ್ರಾಂಶುಪಾಲರಾಗಿ, ತಮ್ಮ ಮೇಷ್ಟ್ರ ಜೀವನಚರಿತ್ರೆಯನ್ನೂ ಬರೆದರು.

ಅವರ ಪಾಠ ನಾಲ್ಕು ಗೋಡೆಯೊಳಗಿನದಲ್ಲ. ಮರದ ಕೆಳಗೆ, ಸಂತಾಲರ ಹಳ್ಳಿಯ ದಾರಿಯಲ್ಲಿ, ಹೊಲದ ಬದಿಯಲ್ಲಿ ಪಾಠ. ನೋಡು, ಮತ್ತೆ ನೋಡು, ಆಮೇಲೆ ಬರಿ. ಗೆಳೆಯರಿಗೆ, ಶಿಷ್ಯರಿಗೆ ಕಾರ್ಡ್ ಹಾಕುವಾಗಲೂ ಅದರ ಮೇಲೊಂದು ಪುಟ್ಟ ಚಿತ್ರ. ಇಂಥ ಕಾರ್ಡುಗಳು ಎಷ್ಟೋ.

ಚಿಕ್ಕ ಮಕ್ಕಳಿಗೆ ಅವರು ಕೊಟ್ಟ ದೊಡ್ಡ ಕೊಡುಗೆ ಮಾತ್ರ 'ಸಹಜ ಪಾಠ'. ರವೀಂದ್ರನಾಥರು ಬಂಗಾಳಿ ಮಕ್ಕಳಿಗಾಗಿ ಬರೆದ ಈ ಮೊದಲ ಓದಿನ ಪುಸ್ತಕ 1930ರಲ್ಲಿ ಬಂತು. ಚಿತ್ರ ನಂದಲಾಲರದು. ಬಣ್ಣ ಇಲ್ಲ, ಬರೀ ಕಪ್ಪು-ಬಿಳುಪು. ಬಂಗಾಳದಲ್ಲಿ ಎಷ್ಟೋ ತಲೆಮಾರು ಅಕ್ಷರ ಕಲಿಯುವಾಗಲೇ ಒಬ್ಬ ದೊಡ್ಡ ಕಲಾವಿದನ ಗೆರೆಯನ್ನೂ ನೋಡುತ್ತಾ ಬೆಳೆದಿದೆ. ಮಕ್ಕಳ ಪುಸ್ತಕ ತಾನೇ, ಹೇಗಿದ್ದರೂ ನಡೆಯುತ್ತೆ ಅಂತ ಅವರು ಅಂದುಕೊಳ್ಳಲಿಲ್ಲ. ಒಂದನೇ ತರಗತಿ ಪುಸ್ತಕದ ಚಿತ್ರ ಯಾರು ಬರೆದರು ಅಂತ ನಾವು ಯಾವತ್ತಾದರೂ ತಿರುಗಿಸಿ ನೋಡಿದ್ದೇವಾ?

ಸಂತಾಲನ ಗುಡಿಸಲು, ಕಾಲೇಜು ಹುಡುಗನ ಕೋಣೆ

ಶಿಕ್ಷಣದಲ್ಲಿ ಕಲೆಯ ಸ್ಥಾನ ಏನು ಅನ್ನುವ ಬಗ್ಗೆ ನಂದಲಾಲ್ ಒಂದು ಪ್ರಬಂಧ ಬರೆದಿದ್ದಾರೆ. ಪುಟ್ಟ ಬರಹ, ಆದರೆ ಮಾತು ಖಾರ. ಕಲೆ ಅನ್ನೋದು ಹಣವಂತರ ಶೋಕಿ ಎಂಬ ನಂಬಿಕೆಯನ್ನು ಅವರು ಮೊದಲು ಒಡೆಯುತ್ತಾರೆ. ಬಡ ಸಂತಾಲನೊಬ್ಬ ತನ್ನ ಮಣ್ಣಿನ ಗುಡಿಸಲನ್ನು ಸಾರಿಸಿ, ಹರಕು ಹೊದಿಕೆಯನ್ನೂ ಒಪ್ಪವಾಗಿ ಇಡುತ್ತಾನೆ. ದೊಡ್ಡ ಹಾಸ್ಟೆಲ್‌ನ ಕಾಲೇಜು ಹುಡುಗ ಬೆಲೆಬಾಳುವ ಬಟ್ಟೆಬರೆಯನ್ನು ಚೆಲ್ಲಾಡಿ ಇಟ್ಟಿರುತ್ತಾನೆ. ಇವರಲ್ಲಿ ಸೌಂದರ್ಯದ ಅರಿವು ಯಾರ ಬದುಕಿನಲ್ಲಿ ಬೆರೆತಿದೆ ಅನ್ನೋದು ಅವರ ಪ್ರಶ್ನೆ. ಆ ಅರಿವಿಲ್ಲದವರು ಅಂಗಳದಲ್ಲಿ ಕಸ ಗುಡ್ಡೆ ಹಾಕಿ, ಕಂಡಲ್ಲಿ ಎಲೆಅಡಿಕೆ ಉಗಿದು, ತಮಗಷ್ಟೇ ಅಲ್ಲ ಊರಿಗೇ ತೊಂದರೆ ಕೊಡುತ್ತಾರೆ ಅಂತಲೂ ಹೇಳುತ್ತಾರೆ. ಕಲೆಯ ಶಿಕ್ಷಣವನ್ನು ಅವರು ನಾಗರಿಕತೆಯ ಶಿಕ್ಷಣ ಅಂದುಕೊಂಡಿದ್ದು ಹೀಗೆ.

ಹಾಗಂತ ಎಲ್ಲ ಮಕ್ಕಳೂ ಕಲಾವಿದರಾಗಬೇಕು ಅಂತಲ್ಲ. ನೋಡುವ ಕಣ್ಣು ಎಲ್ಲರಿಗೂ ಬೇಕು, ಅಷ್ಟೇ. ಅದಕ್ಕೆ ಅವರು ಕೊಟ್ಟ ದಾರಿಗಳು ಸರಳ. ತರಗತಿಯಲ್ಲಿ ಒಳ್ಳೆಯ ಚಿತ್ರ, ಶಿಲ್ಪ ಇಡಿ, ಇಲ್ಲದಿದ್ದರೆ ಅದರ ಒಳ್ಳೆಯ ಪ್ರತಿಯಾದರೂ ಇರಲಿ. ಬಲ್ಲವರಿಂದ ಮಕ್ಕಳಿಗಾಗಿ ಕಲೆಯ ಪುಸ್ತಕ ಬರೆಸಿ. ಚಲನಚಿತ್ರದ ಮೂಲಕ ತೋರಿಸಿ. ಮ್ಯೂಸಿಯಂ, ಗ್ಯಾಲರಿಗಳಿಗೆ ಕರೆದೊಯ್ಯಿರಿ. ಫುಟ್‌ಬಾಲ್ ಪಂದ್ಯಕ್ಕೆ ಮಕ್ಕಳನ್ನು ದೂರದೂರಿಗೆ ಕಳಿಸಲು ಆಗುವುದಾದರೆ ಇದಕ್ಕೂ ಆಗಬೇಕು. ಋತು ಬದಲಾದಂತೆ ಹೊಲ, ಮರ, ಹೂವು ತೋರಿಸಿ. ವರ್ಷಕ್ಕೊಮ್ಮೆ ಕಲಾಮೇಳ ಮಾಡಿ, ಅದರಲ್ಲಿ ಪ್ರತಿ ಮಗುವೂ ಕೈಯಾರೆ ಮಾಡಿದ್ದೊಂದನ್ನು ತಂದಿಡಲಿ. ಎಷ್ಟೇ ಸಣ್ಣದಾದರೂ ಪರವಾಗಿಲ್ಲ.

ಈ ಪಟ್ಟಿಯಲ್ಲಿ ಸ್ಪರ್ಧೆ ಇಲ್ಲ ಅನ್ನೋದನ್ನ ಗಮನಿಸಿ. ನಮ್ಮಲ್ಲಿ ಕಲೆ ಅಂದರೆ ಪ್ರತಿಭಾ ಕಾರಂಜಿ. ಫಸ್ಟು, ಸೆಕೆಂಡು, ಥರ್ಡು. ಪ್ರೈಜ್ ಬಂದ ಮೂವರು ಬರೆಯುವುದನ್ನು ಮುಂದುವರಿಸುತ್ತಾರೆ. ಉಳಿದವರು ತಮಗೆ ಡ್ರಾಯಿಂಗ್ ಬರಲ್ಲ ಅಂತ ಹತ್ತು ವರ್ಷಕ್ಕೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಅದರ ಜೊತೆಗೆ ನೋಡುವುದೂ ನಿಂತುಹೋಗುತ್ತೆ. ನಷ್ಟ ಇರೋದು ಅಲ್ಲಿ.

ಒಂದು ಕೋಲು, ಒಬ್ಬ ಮುದುಕ

'ಸಹಜ ಪಾಠ' ಬಂದ ವರ್ಷವೇ ದಂಡಿ ಯಾತ್ರೆ. ಆಗ ನಂದಲಾಲ್ ಮಾಡಿದ 'ಬಾಪೂಜಿ' ಲಿನೋಕಟ್ ನೀವೂ ನೋಡಿರುತ್ತೀರಿ. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ ಮಸಿ ಬಳಿದು ಅಚ್ಚೊತ್ತಿದರೆ ಕೆತ್ತಿದ ಜಾಗ ಬಿಳಿ, ಉಳಿದದ್ದು ಕಪ್ಪು. ಕಡಿಮೆ ಖರ್ಚು, ಬೇಕಾದಷ್ಟು ಪ್ರತಿ. ಕಪ್ಪು ನೆಲದ ಮೇಲೆ ಕೆಲವೇ ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಗಾಂಧಿ.

ನಾನು ಇದರ ಒಂದು ಪ್ರಿಂಟ್ ಕಪ್ಪುಹಲಗೆಯ ಪಕ್ಕ ಅಂಟಿಸಿ ಪಾಠ ಮಾಡ್ತೀನಿ. ಮೊದಲ ಎರಡು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ನಾಲ್ಕು ಪ್ರಶ್ನೆ. ಏನೇನು ಕಾಣ್ತಿದೆ? ಕಣ್ಣು ಮೊದಲು ಎಲ್ಲಿಗೆ ಹೋಯ್ತು? ಬರೆದವರು ಏನನ್ನು ಬಿಟ್ಟಿದ್ದಾರೆ? ನಿಮಗೆ ಹೇಗನಿಸಿತು, ಹಾಗನಿಸಲು ಚಿತ್ರದಲ್ಲಿ ಏನಿದೆ, ಬೆರಳಿಟ್ಟು ತೋರಿಸಿ. 'ಚೆನ್ನಾಗಿದೆ' ಅನ್ನೋ ಪದಕ್ಕೆ ಆವತ್ತು ರಜೆ.

ಮೂರನೇ ಪ್ರಶ್ನೆಗೆ ಮಕ್ಕಳು ಚುರುಕಾಗುತ್ತಾರೆ. ಜನ ಇಲ್ಲ, ಸಮುದ್ರ ಇಲ್ಲ, ಉಪ್ಪೂ ಇಲ್ಲ. ಒಬ್ಬ ಹುಡುಗ ಹಿಂದೆಲ್ಲ ಕಪ್ಪಿರುವುದರಿಂದ ತಾತ ರಾತ್ರಿ ನಡೀತಿದ್ದಾರೆ ಅಂದ. ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. ರಾತ್ರಿಯಾಗಿದ್ದರೆ ತಾತನೂ ಕಾಣಬಾರದು, ಬೆಳಕು ಅವರಿಂದಲೇ ಬರ್ತಿದೆ ಅನ್ನೋದು ಅವಳ ವಾದ. ಇಬ್ಬರಲ್ಲಿ ಯಾರು ಸರಿ ಅಂತ ನಾನು ಹೇಳಲಿಲ್ಲ. ಇಬ್ಬರೂ ಚಿತ್ರದ ಮೇಲೆ ಬೆರಳಿಟ್ಟು ಮಾತಾಡಿದರು, ಸಾಕು. ಇಷ್ಟ ಆಗಲಿಲ್ಲ ಅಂದ ಮಗುವೂ ಇತ್ತು. ಮುಖ ಸರಿಯಾಗಿ ಕಾಣಲ್ಲ ಅಂತ ಕಾರಣ ಕೊಟ್ಟಿತು. ಕಾರಣ ಇದೆಯಲ್ಲ, ಅದೂ ವಿಮರ್ಶೆಯೇ. ಮರುದಿನ ಬೆಂಡೆಕಾಯಿ, ಆಲೂಗಡ್ಡೆ ಕೊಯ್ದು ಅಚ್ಚೊತ್ತಿದಾಗ ಕೆತ್ತಿದ್ದು ಬಿಳಿ, ಉಳಿದದ್ದು ಬಣ್ಣ ಅನ್ನೋದು ಕೈಗೂ ತಿಳಿಯಿತು.

ದಾರಿಹೋಕರಿಗೆ ಗ್ಯಾಲರಿ

1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ಹಳ್ಳಿಯ ಜನ ಓಡಾಡುತ್ತಲೇ ಕಲೆ ನೋಡುವಂತಾಗಬೇಕು ಅನ್ನೋದು ಗಾಂಧೀಜಿಯ ಆಸೆ. ನಂದಲಾಲ್ ಮತ್ತು ಸಂಗಡಿಗರು ಸುಮಾರು 400 ಚಿತ್ರ ಸಿದ್ಧಮಾಡಿದರು, ಎಂಬತ್ತಕ್ಕೂ ಹೆಚ್ಚು ಅವರದೇ ಕೈಯವು. ಕೈಕಾಗದ, ಮಣ್ಣಿನ ಬಣ್ಣ. ಚಿತ್ರದಲ್ಲಿ ದೇವರು, ರಾಜರಿಗಿಂತ ಹೆಚ್ಚಾಗಿ ಉಳುವವರು, ದರ್ಜಿ, ಬಡಗಿ, ಹತ್ತಿ ಹಿಂಜುವವರು, ಡೋಲು ಬಾರಿಸುವವರು. ನೋಡಲು ಬಂದವರು ಯಾರೋ, ಚಿತ್ರದಲ್ಲಿದ್ದವರೂ ಅವರೇ. ಹಾಗಾಗಿ ಆ ದರ್ಜಿ ಕೂತ ಭಂಗಿ ಸರಿಯಿದೆಯೋ ಇಲ್ಲವೋ ಅಂತ ಹೇಳಲು ಹಳ್ಳಿಯವನಿಗೆ ಯಾವ ಪದವಿಯೂ ಬೇಕಿರಲಿಲ್ಲ. ನಮ್ಮ ಶಾಲೆಯ ಮಕ್ಕಳಿಗೂ ಬೇಕಿಲ್ಲ. ಟೈಲರ್ ಮಗಳು ಆ ಚಿತ್ರದ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲಳು.

1954ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1966ರ ಏಪ್ರಿಲ್ 16ರಂದು ತೀರಿಕೊಂಡರು. ಅವರ ಹುಟ್ಟುಹಬ್ಬದ ಮುನ್ನ, ಡಿಸೆಂಬರ್ 1 ಮತ್ತು 2ರಂದು, ಕಲಾಭವನದಲ್ಲಿ ಈಗಲೂ ನಂದನ ಮೇಳ ನಡೆಯುತ್ತೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು ತಾವು ಮಾಡಿದ್ದನ್ನು ತಂದು ಮಾರುತ್ತಾರೆ.

ಇಂದಿನ ಮಕ್ಕಳು ದಿನವಿಡೀ ಚಿತ್ರಗಳ ನಡುವೆಯೇ ಇರುತ್ತಾರೆ. ಫ್ಲೆಕ್ಸು, ಜಾಹೀರಾತು, ರೀಲ್ಸು, ಯಂತ್ರ ಬರೆದುಕೊಟ್ಟ ಫೋಟೊ. ಪ್ರತಿಯೊಂದೂ ಅವರಿಂದ ಏನೋ ಕೇಳುತ್ತಿದೆ, ಹಣವನ್ನೋ ವೋಟನ್ನೋ ಸಿಟ್ಟನ್ನೋ. ಇದರಲ್ಲಿ ಏನನ್ನು ಬಿಟ್ಟಿದ್ದಾರೆ ಅಂತ ಕೇಳಲು ಹತ್ತು ವರ್ಷದ ಮಗು ಕಲಿತರೆ, ಇಪ್ಪತ್ತಾದ ಮೇಲೆ ಅದನ್ನು ಸುಲಭಕ್ಕೆ ಯಾಮಾರಿಸಲು ಆಗಲ್ಲ.

ಇದಕ್ಕೆ ಸರ್ಕಾರದ ಸುತ್ತೋಲೆ ಕಾಯಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡ್ತೀವಲ್ಲ, ಸೊಪ್ಪು, ತೆಂಗಿನಕಾಯಿ, ಚುರುಮುರಿ ಮಾರುವ ಸಂತೆ, ಅಲ್ಲೇ ಒಂದು ಹಗ್ಗ ಕಟ್ಟಿ ಎಲ್ಲ ಮಕ್ಕಳ ಚಿತ್ರ ನೇತುಹಾಕಿ. ಬಹುಮಾನ ಬೇಡ. ಪಕ್ಕದಲ್ಲಿ ಖಾಲಿ ಚೀಟಿ ಇಡಿ. ನೋಡಿದವರು ಏನು ಕಂಡಿತು ಅಂತ ಒಂದು ಸಾಲು ಬರೆದು ಹೋಗಲಿ. ತರಕಾರಿ ಕೊಳ್ಳಲು ಬಂದ ಅಮ್ಮಂದಿರೂ ಬರೆಯಲಿ.