ಹೆದರಿಸಿದ್ದು ಚಾಕುವೇ, ಪಿಟೀಲೇ? ‘ಸೈಕೋ’ಗೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಕತೆ

ಭಯದ ಸಿನಿಮಾ ನೋಡುವಾಗ ನೀವು ಮುಚ್ಚಿಕೊಳ್ಳುವುದು ಕಣ್ಣನ್ನೋ, ಕಿವಿಯನ್ನೋ? ಹೆಚ್ಚಿನವರು ಕಣ್ಣು ಮುಚ್ಚುತ್ತಾರೆ. ಆದರೂ ಎದೆ ಬಡಿತ ನಿಲ್ಲುವುದಿಲ್ಲ. ಕಾರಣ, ಭಯ ಕಿವಿಯಿಂದಲೂ ಒಳಗೆ ಬರುತ್ತದೆ. ಇದನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಬರ್ನಾರ್ಡ್ ಹರ್ಮನ್.

ರೇಡಿಯೊದಿಂದ ಸಿನಿಮಾಕ್ಕೆ

ಹರ್ಮನ್ ಹುಟ್ಟಿದ್ದು 1911ರ ಜೂನ್ 29ರಂದು, ನ್ಯೂಯಾರ್ಕ್‌ನಲ್ಲಿ. 13ನೇ ವಯಸ್ಸಿಗೇ ಸಂಗೀತ ರಚನೆಗೆ ಬಹುಮಾನ ಪಡೆದರು. ನಂತರ ಸಿಬಿಎಸ್ ರೇಡಿಯೊ ಸೇರಿದರು. 1938ರಲ್ಲಿ ಆರ್ಸನ್ ವೆಲ್ಸ್ ಅವರ ಪ್ರಸಿದ್ಧ ರೇಡಿಯೊ ನಾಟಕ ಪ್ರಸಾರವಾದಾಗ ವಾದ್ಯವೃಂದ ನಡೆಸಿದವರು ಇವರೇ. ಮಾಮೂಲಿ ನೃತ್ಯ ಸಂಗೀತದ ನಡುವೆ, ಮಂಗಳ ಗ್ರಹದವರು ದಾಳಿ ಮಾಡಿದ್ದಾರೆ ಎಂಬ ಸುದ್ದಿ ತೂರಿ ಬರುವ ನಾಟಕವದು. ಅದನ್ನು ಕೇಳಿ ಇಡೀ ಅಮೆರಿಕ ಬೀದಿಗೆ ಓಡಿಬಂತು ಎಂಬ ಕತೆ ಇಂದಿಗೂ ಹರಿದಾಡುತ್ತದೆ. ಕೆಲವರು ಹೆದರಿದ್ದು ನಿಜ. ಉಳಿದದ್ದನ್ನು ಪತ್ರಿಕೆಗಳು ಉಬ್ಬಿಸಿದ್ದವು.

1941ರಲ್ಲಿ ವೆಲ್ಸ್ ಅವರ ‘ಸಿಟಿಜನ್ ಕೇನ್’ ಮೂಲಕ ಹರ್ಮನ್ ಸಿನಿಮಾಕ್ಕೆ ಬಂದರು. ಅದೇ ವರ್ಷದ ಇನ್ನೊಂದು ಚಿತ್ರದ ಸಂಗೀತಕ್ಕೆ ಆಸ್ಕರ್ ಸಿಕ್ಕಿತು.

ಬೇಡವೆಂದ ಸಂಗೀತ

1955ರಿಂದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಜೊತೆ ಕೆಲಸ ಶುರುವಾಯಿತು. 1960ರ ‘ಸೈಕೋ’ ಚಿತ್ರದಲ್ಲಿ ಸ್ನಾನದ ಮನೆಯ ಕೊಲೆ ದೃಶ್ಯಕ್ಕೆ ಸಂಗೀತವೇ ಬೇಡ ಎಂಬುದು ಹಿಚ್‌ಕಾಕ್ ಸೂಚನೆ. ಹರ್ಮನ್ ಕೇಳಲಿಲ್ಲ, ಬರೆದೇ ಬಿಟ್ಟರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಾಯಿತು.

ಆ ಕಿರುಚುವ ಶಬ್ದ ಹಕ್ಕಿಯದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಇಡೀ ಚಿತ್ರಕ್ಕೆ ಹರ್ಮನ್ ಬಳಸಿದ್ದು ಪಿಟೀಲು ಜಾತಿಯ ತಂತಿ ವಾದ್ಯಗಳನ್ನು ಮಾತ್ರ. ಡೋಲು, ಕಹಳೆ ಒಂದೂ ಇಲ್ಲ.

ಕಿವಿ ಯಾಕೆ ಹೆದರುತ್ತದೆ?

ಗಾಬರಿಯಾದ ಪ್ರಾಣಿಯ ಕೂಗು ಒಡೆದು, ಕರ್ಕಶವಾಗಿ, ಹಠಾತ್ತನೆ ಮೇಲೇರುತ್ತದೆ. ಅಂಥ ಶಬ್ದ ಕೇಳಿದರೆ ಇತರ ಪ್ರಾಣಿಗಳೂ ಎಚ್ಚರಗೊಳ್ಳುತ್ತವೆ. ಮನುಷ್ಯರೂ ಅಷ್ಟೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇನಿಯಲ್ ಬ್ಲಮ್‌ಸ್ಟೈನ್ ಮತ್ತು ಸಂಗಡಿಗರು 2010ರಲ್ಲಿ ನೂರಕ್ಕೂ ಹೆಚ್ಚು ಸಿನಿಮಾಗಳ ಧ್ವನಿಯನ್ನು ಪರಿಶೀಲಿಸಿದರು. ಭಯದ ಚಿತ್ರಗಳಲ್ಲಿ ಇಂಥ ಕರ್ಕಶ ಶಬ್ದಗಳು ಹೆಚ್ಚಾಗಿದ್ದವು.

ಸಂಗೀತ ಅರ್ಥವನ್ನೂ ಬದಲಿಸುತ್ತದೆ. 1988ರ ಒಂದು ಪ್ರಯೋಗದಲ್ಲಿ ತ್ರಿಕೋನ, ವೃತ್ತಗಳು ಓಡಾಡುವ ಒಂದೇ ಚಿತ್ರವನ್ನು ಬೇರೆ ಬೇರೆ ಸಂಗೀತದೊಂದಿಗೆ ತೋರಿಸಲಾಯಿತು. ಸಂಗೀತ ಬದಲಾದಂತೆ ಆ ಆಕೃತಿಗಳ ಸ್ವಭಾವದ ಬಗ್ಗೆ ನೋಡುಗರ ಅಭಿಪ್ರಾಯವೂ ಬದಲಾಯಿತು!

ಕೊನೆಯ ದಿನಗಳು

1966ರ ‘ಟಾರ್ನ್ ಕರ್ಟನ್’ ಚಿತ್ರಕ್ಕೆ ಹಿಚ್‌ಕಾಕ್‌ಗೆ ಬೇಕಿದ್ದದ್ದು ಆಗಿನ ಕಾಲದ ಜನಪ್ರಿಯ ಶೈಲಿ. ಹರ್ಮನ್ ಒಪ್ಪಲಿಲ್ಲ. ಅವರ ಸಂಗೀತವನ್ನು ಕೈಬಿಡಲಾಯಿತು. ಇಬ್ಬರೂ ಮತ್ತೆಂದೂ ಒಟ್ಟಿಗೆ ಕೆಲಸ ಮಾಡಲಿಲ್ಲ. ಮುಂದೆ ಹೊಸ ತಲೆಮಾರಿನ ನಿರ್ದೇಶಕರು ಅವರನ್ನು ಹುಡುಕಿಕೊಂಡು ಬಂದರು. 1975ರ ಡಿಸೆಂಬರ್‌ನಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಅವರ ‘ಟ್ಯಾಕ್ಸಿ ಡ್ರೈವರ್’ ಸಂಗೀತದ ರೆಕಾರ್ಡಿಂಗ್ ಮುಗಿಸಿ ಮಲಗಿದ ಹರ್ಮನ್ ಮತ್ತೆ ಏಳಲಿಲ್ಲ. ಅವರಿಗೆ 64 ವರ್ಷ.

ನಮಗೇನು ಪಾಠ?

ಸಂಗೀತ ನಮ್ಮನ್ನು ಗೊಂಬೆಯಂತೆ ಕುಣಿಸುವ ಮಾಯಾಜಾಲವೇನಲ್ಲ. ಆದರೆ ನೋಡುತ್ತಿರುವುದಕ್ಕೆ ಭಯ, ಕನಿಕರ, ಸಿಟ್ಟಿನ ಬಣ್ಣ ಹಚ್ಚಬಲ್ಲದು. ಸಿನಿಮಾದಲ್ಲಿ ಅದು ಸೊಗಸು. ಸುದ್ದಿಯಂತೆ ಬರುವ ವಿಡಿಯೊದಲ್ಲಿ ಅದು ಸಾಕ್ಷಿ ಅಲ್ಲ. ಮೊಬೈಲಿಗೆ ಬಂದ ವಿಡಿಯೊ ನೋಡಿ ಕಣ್ಣು ತುಂಬಿತೇ, ರಕ್ತ ಕುದಿಯಿತೇ? ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಮ್ಯೂಟ್ ಮಾಡಿ ನೋಡಿ. ಶಬ್ದ ತೆಗೆದ ಮೇಲೆ ಅಲ್ಲಿ ನಿಜವಾಗಿ ಏನು ಕಾಣುತ್ತಿದೆಯೋ, ನಿಮ್ಮ ಕೈಯಲ್ಲಿರುವ ಮಾಹಿತಿ ಅಷ್ಟೇ.